ಒಂದೇ ಸಿಡಿಲು, ಎರಡು ಉತ್ತರ: ಮನೆ ವಿಮೆಯ ಜೊತೆ ನಾಲ್ಕು ಮಳೆಗಾಲ

2023ರ ಏಪ್ರಿಲ್ ಕೊನೆಯ ಒಂದು ಸಂಜೆ ನಮ್ಮ ಹಿತ್ತಿಲ ತೆಂಗಿನಮರಕ್ಕೆ ಸಿಡಿಲು ಹೊಡೆಯಿತು. ಮರದ ತಲೆ ಮುರಿದು ಅಡುಗೆಮನೆಯ ಮಾಡಿನ ಮೇಲೆ ಬಿತ್ತು. ಅದೇ ಗಳಿಗೆಯಲ್ಲಿ ಜಗಲಿಯ ಟಿವಿ ‘ಟಪ್’ ಎಂದು ಆರಿತು, ಇನ್ವರ್ಟರ್‌ನಿಂದ ಸುಟ್ಟ ವಾಸನೆ ಬಂತು. ಒಡೆದ ಹೆಂಚಿಗೆ ವಿಮೆ ಕಂಪನಿ ದುಡ್ಡು ಕೊಟ್ಟಿತು, ಸುಟ್ಟ ಟಿವಿಗೆ ಕೊಡಲಿಲ್ಲ. ಅಲ್ಲಿಯವರೆಗೆ ಪಾಲಿಸಿಯ ಮೊದಲ ಪುಟವನ್ನಷ್ಟೇ ಓದಿದ್ದ ನಾನು, ಆ ಪತ್ರ ಬಂದ ದಿನ ಕನ್ನಡಕ ಹಾಕಿಕೊಂಡು ಉಳಿದದ್ದನ್ನೂ ಓದಿದೆ.

ನಮ್ಮದು ತೀರ್ಥಹಳ್ಳಿಯ ಆಚೆ, ಗುಡ್ಡದ ಬುಡ ಕಡಿದು ಮಟ್ಟ ಮಾಡಿದ ಜಾಗದಲ್ಲಿರುವ ಹೆಂಚಿನ ಮನೆ. ಅಂಚೆ ಇಲಾಖೆಯಿಂದ ನಿವೃತ್ತಳಾದ ಮೇಲೆ, 2022ರ ಏಪ್ರಿಲ್‌ನಲ್ಲಿ ‘ಭಾರತ್ ಗೃಹ ರಕ್ಷಾ’ ಪಾಲಿಸಿಯನ್ನು ಐದು ವರ್ಷಕ್ಕೆ ಮಾಡಿಸಿದೆ. ಏಜೆಂಟ್ ನಮ್ಮ ಕಡೆಯ ಹುಡುಗನೇ. ‘ಎಲ್ಲವೂ ಸೇರಿದೆ ಅಕ್ಕಾ, ಸಮಗ್ರ ಪಾಲಿಸಿ’ ಎಂದ. ಕಂತು ಐದೂ ವರ್ಷಕ್ಕೆ ಸೇರಿ, ಶೇ 18ರ ಜಿಎಸ್‌ಟಿ ಸಮೇತ, ಆರು ಸಾವಿರದ ಆಸುಪಾಸು. ಸ್ಕೂಟರಿನ ವಿಮೆಗೆ ಕೊಡುವುದನ್ನು ನೆನೆದರೆ ಇದು ಅಗ್ಗವೇ.

ಕಂಪನಿಯ ಹೆಸರು ಬರೆಯುವುದಿಲ್ಲ, ಬರೆದರೂ ಹೆಚ್ಚಿನ ಉಪಯೋಗವಿಲ್ಲ. 2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರವೇ ಈ ಪಾಲಿಸಿಯ ಒಕ್ಕಣೆಯನ್ನು ನಿಗದಿ ಮಾಡಿದೆ. ಯಾರ ಹತ್ತಿರ ಮಾಡಿಸಿದರೂ ಒಳಗಿನ ಮಾತು ಅದೇ. ಬೇರೆಯಾಗುವುದು ಕಂತು ಮತ್ತು ಫೋನ್ ಎತ್ತುವವರ ಸೌಜನ್ಯ.

ವಿಮೆಯ ಮೊತ್ತ ಲೆಕ್ಕ ಹಾಕುವ ಬಗೆ ನನಗೆ ಮೆಚ್ಚುಗೆಯಾಯಿತು. ಜಾಗದ ಬೆಲೆ ಇದರಲ್ಲಿ ಇಲ್ಲವೇ ಇಲ್ಲ. ಮನೆಯನ್ನು ಮತ್ತೆ ಕಟ್ಟಲು ತಗಲುವ ಖರ್ಚು ಮಾತ್ರ. ಒಳಗಿನ ಅಳತೆ 1,100 ಚದರ ಅಡಿ, ಅಡಿಗೆ 1,900 ರೂಪಾಯಿಯಂತೆ 20.9 ಲಕ್ಷ. ಮನೆಯ ಹಿಂದಿನ ಧರೆಗೆ, ಅಂದರೆ ಗುಡ್ಡ ಕಡಿದಾಗ ಉಳಿದ ಕಡಿದಾದ ಮಣ್ಣಿನ ಅಂಚಿಗೆ, ಕಟ್ಟಿಸಿದ ಕಲ್ಲಿನ ತಡೆಗೋಡೆಗೆ 1.6 ಲಕ್ಷ. ಒಟ್ಟು 22.5 ಲಕ್ಷ. ತಡೆಗೋಡೆಯನ್ನು ಬರೆಸಿದ್ದು ನಮ್ಮ ಮನೆಯವರ ಹಟದಿಂದ. ‘ಗೋಡೆಗೆಲ್ಲ ಯಾರು ವಿಮೆ ಮಾಡುತ್ತಾರೆ’ ಎಂದು ನಾನು ನಕ್ಕಿದ್ದೆ. ಮನೆಯೊಳಗಿನ ಸಾಮಾನಿಗೆ ಬೇರೆ ಪಟ್ಟಿ ಕೊಡಬೇಕಾಗಿಲ್ಲ. ಕಟ್ಟಡದ ಮೊತ್ತದ ಶೇ 20ರಷ್ಟು, ಗರಿಷ್ಠ 10 ಲಕ್ಷದವರೆಗೆ, ತಾನಾಗಿ ಸೇರುತ್ತದೆ. ನಮ್ಮ ಪಾಲಿಗೆ ನಾಲ್ಕೂವರೆ ಲಕ್ಷ. ಒಡವೆಗೆ ಮಾತ್ರ ಬೇರೆ ಬರೆಸಿ, ಬೇರೆ ಕಂತು ಕಟ್ಟಬೇಕು. ನಮ್ಮ ಒಡವೆ ಬ್ಯಾಂಕಿನ ಲಾಕರಿನಲ್ಲಿದೆ, ಅದರ ಗೋಜಿಗೆ ಹೋಗಲಿಲ್ಲ.

ಸಿಡಿಲಿನ ವಿಷಯಕ್ಕೆ ಬರುತ್ತೇನೆ. ಮೊದಲ ಪುಟದ ಪಟ್ಟಿಯಲ್ಲಿ ಬೆಂಕಿ, ಸ್ಫೋಟ, ಭೂಕಂಪ, ನೆರೆ, ಬಿರುಗಾಳಿ, ಭೂಕುಸಿತ, ಗಲಭೆ, ನೀರಿನ ಟ್ಯಾಂಕ್ ಒಡೆಯುವುದು, ಮನೆಗೆ ಮರವೋ ವಾಹನವೋ ಅಪ್ಪಳಿಸುವುದು ಎಲ್ಲವೂ ಇವೆ. ಸಿಡಿಲು ಸ್ಪಷ್ಟವಾಗಿ ಇದೆ. ಆದ್ದರಿಂದ ನೂರಕ್ಕೂ ಹೆಚ್ಚು ಮಂಗಳೂರು ಹೆಂಚು, ಮಾಡಿನ ಮರದ ಎರಡು ಪಕಾಸು, ರೀಪು, ಬಡಗಿಯ ಕೂಲಿ ಸೇರಿ 31,500 ರೂಪಾಯಿಯ ಬಿಲ್ಲಿನಲ್ಲಿ 28,500 ಬಂತು. ಕಡಿತವಾದ ಮೂರು ಸಾವಿರ, ಇದೇ ಸಂದರ್ಭ ಎಂದು ನಾನು ಮಾಡಿನಂಚಿಗೆ ಹೊಸದಾಗಿ ಹಾಕಿಸಿದ, ಮಳೆನೀರು ಹರಿಯುವ ತಗಡಿನ ದೋಣಿಯದು. ಮೊದಲು ಇಲ್ಲದ್ದನ್ನು ವಿಮೆಯಲ್ಲಿ ಗಿಟ್ಟಿಸಲು ಹೊರಟವಳು ನಾನು, ಅವರ ತಪ್ಪೇನಿಲ್ಲ.

ಟಿವಿಯ ಉತ್ತರ ಹಿಂದಿನ ಪುಟಗಳಲ್ಲಿತ್ತು, ‘ಏನೇನು ಸೇರಿಲ್ಲ’ ಎಂಬ ಪಟ್ಟಿಯಲ್ಲಿ. ವಿದ್ಯುತ್ ಉಪಕರಣವು ಅತಿಯಾದ ವಿದ್ಯುತ್ ಒತ್ತಡ, ಶಾರ್ಟ್ ಸರ್ಕಿಟ್, ತಾನಾಗಿ ಕಾಯುವುದು, ವಿದ್ಯುತ್ ಸೋರಿಕೆ ಇತ್ಯಾದಿಗಳಿಂದ ಕೆಟ್ಟರೆ, ಕಾರಣ ಏನೇ ಆಗಿರಲಿ, ಆ ಉಪಕರಣಕ್ಕೆ ಪರಿಹಾರವಿಲ್ಲ. ಅದರ ಬೆನ್ನಿಗೆ ಒಂದು ಆವರಣ ಚಿಹ್ನೆ, ಅದರೊಳಗೆ ‘ಸಿಡಿಲೂ ಸೇರಿದಂತೆ’. ಮುಂದಿನ ಬಾಗಿಲಿನಿಂದ ಕರೆದ ಸಿಡಿಲನ್ನು ಹಿತ್ತಿಲ ಬಾಗಿಲಿನಿಂದ ಕಳಿಸಿದ ಹಾಗೆ. ಹೊರಗಿಟ್ಟದ್ದು ಕೆಟ್ಟ ಉಪಕರಣವೊಂದನ್ನೇ. ಟಿವಿಯಿಂದ ಬೆಂಕಿ ಹತ್ತಿ ಪರದೆ, ಕಪಾಟು ಸುಟ್ಟಿದ್ದರೆ ಅವಕ್ಕೆ ಪರಿಹಾರ ಸಿಗುತ್ತಿತ್ತು. ತೆಂಗಿನ ತಲೆ ನೇರವಾಗಿ ಟಿವಿಯ ಮೇಲೆಯೇ ಬಿದ್ದಿದ್ದರೆ ಟಿವಿಗೂ ಸಿಗುತ್ತಿತ್ತು!

ವಿಮೆಯ ದೂರು ಕೇಳಿ ತೀರ್ಮಾನಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ದೂರು ಕೊಡು ಎಂದು ಅಳಿಯ ಹೇಳಿದ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಡ. ಮೊದಲು ಕಂಪನಿಗೆ ಲಿಖಿತ ದೂರು ಕೊಟ್ಟು ಒಂದು ತಿಂಗಳು ಕಾದಿರಬೇಕು ಅಷ್ಟೆ. ಆದರೆ ಆವರಣದೊಳಗಿನ ಆ ಎರಡು ಪದ ಅಷ್ಟು ನಿಚ್ಚಳವಾಗಿದ್ದವು. ಸೋಲುವ ಜಗಳಕ್ಕೆ ಅಂಚೆ ಖರ್ಚು ಯಾಕೆ ಎಂದು ಬಿಟ್ಟೆ. ಈಗ ಗುಡುಗಿನ ಸದ್ದು ಕೇಳಿದರೆ ಸಾಕು, ಪ್ಲಗ್ ಕೀಳುತ್ತೇನೆ.

2024ರ ಜುಲೈನ ಮಳೆಯಲ್ಲಿ ಧರೆ ಕುಸಿಯಿತು. ಬೆಳಗಿನ ಜಾವ ಬಸ್ಸು ಬಂದು ನಿಂತಂತಹ ಸದ್ದು. ಎದ್ದು ನೋಡಿದರೆ ತಡೆಗೋಡೆಯ ಹದಿನೆಂಟು ಅಡಿ ಇಲ್ಲ, ಬಚ್ಚಲಿನ ಗೋಡೆ ಒಳಕ್ಕೆ ಮಲಗಿದೆ, ಹಂಡೆಯ ಕಂಠದವರೆಗೆ ಕೆಂಪು ಮಣ್ಣು. ಅಂದೇ ಫೋನಿನಲ್ಲಿ ತಿಳಿಸಿ, ಫೋಟೊ ಕಳಿಸಿದೆ. ಆರನೇ ದಿನ ನಷ್ಟದ ಅಂದಾಜು ಮಾಡುವ ಸರ್ವೇಯರ್ ಬಂದರು. ಮನೆ ನೋಡುವ ಮೊದಲು ಅವರು ಧರೆಯ ಬಾಯಿಯಿಂದ ಒಂದು ಹಿಡಿ ಮಣ್ಣು ಎತ್ತಿ ಹಿಸುಕಿ ನೋಡಿದರು.

‘ಇದು ಕಡಿದ ಧರೆಯೋ, ತುಂಬಿದ ಮಣ್ಣೋ, ಮೇಡಂ?’

‘ಕಡಿದದ್ದು. ಹನ್ನೆರಡು ವರ್ಷವಾಯಿತು.’

‘ಈಚೆಗೆ ಮೇಲೆ ಯಾರಾದರೂ ಜೆಸಿಬಿ ಹೊಡೆಸಿದ್ದಾರೆಯೇ?’

ಇಲ್ಲ ಎಂದೆ. ಆ ಪ್ರಶ್ನೆಗಳ ಭಾರ ಆಮೇಲೆ ಗೊತ್ತಾಯಿತು. ಭೂಕುಸಿತಕ್ಕೆ ರಕ್ಷಣೆ ಇದೆ. ಆದರೆ ತುಂಬಿದ ಮಣ್ಣು ಕೂತದ್ದು, ಹೊಸ ಕಟ್ಟಡದ ಸಹಜ ಬಿರುಕು, ನದಿ ಕೊರೆತ, ಅಗೆತದಿಂದಾದ ಕುಸಿತ, ಕಳಪೆ ಕೆಲಸ ಇವಕ್ಕೆ ಇಲ್ಲ. ನಮ್ಮ ಮಲೆನಾಡಿನಲ್ಲಿ ಈಗ ಪ್ರತಿ ತಿರುವಿನಲ್ಲೂ ಯಾರೋ ಒಬ್ಬರು ಗುಡ್ಡ ಕೊರೆಸುತ್ತಿರುತ್ತಾರೆ. ಪಕ್ಕದವರ ಜೆಸಿಬಿ ನಿಮ್ಮ ಪಾಲಿಸಿಯನ್ನೂ ಕೊರೆಯಬಲ್ಲದು.

ತಡೆಗೋಡೆಗೆ 1,12,000, ಬಚ್ಚಲಿಗೆ 38,000, ಒಟ್ಟು ಒಂದೂವರೆ ಲಕ್ಷ ಒಪ್ಪಿದರು. ಎಂಜಿನಿಯರ್ ಅಂದಾಜು ಪಟ್ಟಿಗೆ ತೆಗೆದುಕೊಂಡ ನಾಲ್ಕು ಸಾವಿರವೂ ಬಂತು. ಅದಕ್ಕೆ ಪರಿಹಾರದ ಶೇ 5ರವರೆಗೆ ಅವಕಾಶವಿದೆ. ಮಣ್ಣು ತೆಗೆಸಲು ಮಾತ್ರ ಶೇ 2, ಅಂದರೆ ಮೂರು ಸಾವಿರ. ಜೆಸಿಬಿ ಮತ್ತು ಟಿಪ್ಪರಿಗೆ ನಾನು ಕೊಟ್ಟದ್ದು ಹದಿನಾರು ಸಾವಿರ. ಧರೆ ಕುಸಿದಾಗ ಬೀಳುವುದು ಮಣ್ಣೇ. ಅದಕ್ಕೇ ಇಷ್ಟು ಜಿಪುಣತನ! ಮನೆ ವಾಸಕ್ಕೆ ಯೋಗ್ಯವಲ್ಲದಷ್ಟು ದಿನ ಬೇರೆ ಕಡೆಯ ಬಾಡಿಗೆಯನ್ನೂ ಕೊಡುತ್ತಾರೆ. ನಾವು ಮೂರು ವಾರ ತಂಗಿಯ ಮನೆಯಲ್ಲಿದ್ದೆವು. ತಂಗಿಯ ಹತ್ತಿರ ಬಾಡಿಗೆ ರಸೀದಿ ಕೇಳುವುದುಂಟೆ?

ಇದರ ಮಧ್ಯೆ ಹಂಡೆ ಕಳುವಾಯಿತು. ಅಜ್ಜಿಯ ಕಾಲದ ತಾಮ್ರದ ಹಂಡೆ, ಇಬ್ಬರು ಎತ್ತಬೇಕಾದದ್ದು. ಗೋಡೆ ಇಲ್ಲದ ಬಚ್ಚಲಿನಿಂದ ನಾಲ್ಕನೇ ರಾತ್ರಿ ಯಾರೋ ಹೊತ್ತೊಯ್ದರು. ಈ ಪಾಲಿಸಿಯಲ್ಲಿ ಸಾಮಾನ್ಯ ಕಳ್ಳತನ ಸೇರಿಲ್ಲ. ಪಟ್ಟಿಯಲ್ಲಿರುವ ಅವಘಡದ ಕಾರಣದಿಂದ, ಅದು ನಡೆದ ಏಳು ದಿನದೊಳಗೆ ಆದ ಕಳವು ಮಾತ್ರ ಸೇರಿದೆ. ಪೊಲೀಸ್ ದೂರಿನ ಪ್ರತಿಯಲ್ಲಿದ್ದ ತಾರೀಕನ್ನು ಸರ್ವೇಯರ್ ಬೆರಳು ಮಡಚಿ ಎಣಿಸಿದರು. ಹಂಡೆಗೆ 8,500 ಬಂತು. ಕಳ್ಳನಿಗೆ ಇನ್ನೂ ನಾಲ್ಕು ದಿನ ತಾಳ್ಮೆ ಇದ್ದಿದ್ದರೆ ಬಿಡಿಗಾಸೂ ಬರುತ್ತಿರಲಿಲ್ಲ. ಪೂರ್ತಿ ಹಣ ಕೈಗೆ ಬರಲು ಏಳು ವಾರ ಹಿಡಿಯಿತು, ಐದು ಬಾರಿ ಫೋನ್ ಮಾಡಿದೆ.

ಅಟ್ಟದಲ್ಲಿದ್ದ ಎರಡು ಮೂಟೆ ಅಡಿಕೆ ನೆನೆದಿದ್ದರೆ ಎಂದು ಸರ್ವೇಯರನ್ನು ಕೇಳಿದೆ. ‘ಅದು ಮನೆ ಬಳಕೆಯ ಸಾಮಾನಲ್ಲವಲ್ಲ, ಮೇಡಂ’ ಎಂದರು. ಕಿಟಕಿ ಚೌಕಟ್ಟು ತಿಂದ ಗೆದ್ದಲು, ಗೋಡೆಗೆ ಏರುವ ತೇವ ಪಟ್ಟಿಯಲ್ಲೇ ಇಲ್ಲ. ಈ ಪಾಲಿಸಿಗೆ ಒಂದು ದಿನ, ಒಂದು ಘಟನೆ ಬೇಕು. ನಿಧಾನವಾಗಿ ಹಾಳಾಗುವುದು ಅದರ ಲೆಕ್ಕಕ್ಕೆ ಬರುವುದಿಲ್ಲ.

ಹೊಗಳಬೇಕಾದವು ಇನ್ನೆರಡು. ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿದ್ದೀರಿ ಎಂದು ಪರಿಹಾರವನ್ನು ಪ್ರಮಾಣದಲ್ಲಿ ಕತ್ತರಿಸುವ ಹಳೆಯ ಪದ್ಧತಿ ಇದರಲ್ಲಿಲ್ಲ. ದೀರ್ಘಾವಧಿ ಪಾಲಿಸಿಯಾದರೆ ಕಟ್ಟಡದ ಮೊತ್ತ ವರ್ಷಕ್ಕೆ ಶೇ 10ರಂತೆ ತಾನಾಗಿ ಏರುತ್ತದೆ, ಹೆಚ್ಚಿನ ಕಂತಿಲ್ಲ. ಧರೆ ಕುಸಿದ ಹೊತ್ತಿಗೆ ನಮ್ಮದು 27 ಲಕ್ಷವಾಗಿತ್ತು. ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಕಳೆದ ಒಂದೂವರೆಯಲ್ಲಿ ಅರ್ಧ ಜೆಸಿಬಿಗೆ, ಒಂದು ಆ ಆವರಣ ಚಿಹ್ನೆಗೆ.

2027ರ ಏಪ್ರಿಲ್‌ನಲ್ಲಿ ಅವಧಿ ಮುಗಿಯುತ್ತದೆ. ಮತ್ತೆ ಇದನ್ನೇ ಮಾಡಿಸುತ್ತೇನೆ. ಜೊತೆಗೆ ಕನ್ನ ಕಳವಿಗೂ ಉಪಕರಣಗಳ ಕೆಡುಕಿಗೂ ಬೇರೆ ರಕ್ಷಣೆ ಸೇರಿಸುತ್ತೇನೆ. ಮೊನ್ನೆ ಆ ಏಜೆಂಟ್ ಹುಡುಗ ಮನೆಗೆ ಬಂದಿದ್ದ. ಉಪಕರಣದ ಪಾಲಿಸಿಯ ಹಾಳೆ ಮುಂದಿಟ್ಟು, ‘ಇದರಲ್ಲಿ ಎಲ್ಲವೂ ಸೇರಿದೆ ಅಕ್ಕಾ’ ಎಂದ. ಕಾಫಿ ಕೊಟ್ಟು, ಕೊನೆಯ ಪುಟದಿಂದ ಗಟ್ಟಿಯಾಗಿ ಓದಿ ಹೇಳಪ್ಪ ಎಂದೆ.