ದೊಡ್ಡಪ್ಪನ ಎಂಜಿಬಿ: ಕೈಕೊಟ್ಟಿದ್ದೆಲ್ಲ ಹೊಸ ಭಾಗಗಳೇ

ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಅಂದ ಕೂಡಲೇ ಜನ ಕೇಳುವುದು ಒಂದೇ ಪ್ರಶ್ನೆ: ದಾರಿಯಲ್ಲಿ ಎಷ್ಟು ಸಲ ನಿಂತಿದೆ? ನನ್ನ ಎಂಜಿಬಿ ನಿಂತಿದ್ದಿದೆ, ಸುಳ್ಳು ಯಾಕೆ ಹೇಳಲಿ. ಆದರೆ ಬಾನೆಟ್ ಎತ್ತಿ ನೋಡಿದಾಗ ಕೆಟ್ಟಿರುತ್ತಿದ್ದದ್ದು ಬಹುಪಾಲು ಹೊಸದಾಗಿ ತಂದು ಹಾಕಿದ ಭಾಗ. 1968ರಲ್ಲಿ ಕಾರ್ಖಾನೆಯಲ್ಲಿ ಕೂರಿಸಿದ ಭಾಗಗಳು ತಮ್ಮ ಪಾಡಿಗೆ ಕೆಲಸ ಮಾಡಿಕೊಂಡೇ ಇದ್ದವು. ಇಷ್ಟು ವರ್ಷ ಓಡಿಸಿದ ಮೇಲೆ ಈ ಕಾರಿನ ಬಗ್ಗೆ ನಾನು ಮುಖ್ಯವಾಗಿ ಹೇಳಬೇಕಾಗಿರುವುದು ಇದನ್ನೇ.

ಕಾರು ನಮ್ಮ ದೊಡ್ಡಪ್ಪನದು. ಅವರು ತೀರಿಕೊಂಡ ಮೇಲೆ ನನ್ನ ಪಾಲಿಗೆ ಬಂತು. ವರ್ಷಗಟ್ಟಲೆ ಮುಸುಕು ಹಾಕಿ ನಿಲ್ಲಿಸಿದ್ದ ಗಾಡಿ. ಜೊತೆಗೆ ಒಂದು ತಗಡಿನ ಪೆಟ್ಟಿಗೆ ತುಂಬ ಬಿಚ್ಚಿಟ್ಟ ಭಾಗಗಳು. ಒಂದೊಂದಕ್ಕೂ ದಾರದಲ್ಲಿ ಚೀಟಿ ಕಟ್ಟಿದ್ದರು: 'ಚೆನ್ನಾಗಿದೆ', 'ಬುಶ್ ಸವೆದಿದೆ', 'ಮುಂದೆ ಬೇಕಾಗಬಹುದು'. ಆ ಪೆಟ್ಟಿಗೆಯ ವಿಷಯ ಆಮೇಲೆ ಬರುತ್ತದೆ.

ಎಂಜಿಬಿ ಗೊತ್ತಿಲ್ಲದವರಿಗೆ ಎರಡು ಮಾತು. 1962ರಲ್ಲಿ ಬಂದ, ಎರಡು ಸೀಟಿನ ತೆರೆದ ಕಾರು. ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಲ್ಲಿ 1980ರವರೆಗೂ ತಯಾರಾಯಿತು. ಛಾವಣಿ ಇರುವ ಜಿಟಿ ಮಾದರಿಯನ್ನೂ ಸೇರಿಸಿದರೆ ಐದು ಲಕ್ಷಕ್ಕಿಂತ ಜಾಸ್ತಿ ಕಾರು ಹೊರಬಂದಿವೆ. ಇಂಜಿನ್ 1,798 ಸಿಸಿ, ನಾಲ್ಕು ಸಿಲಿಂಡರ್, ಪೆಟ್ರೋಲಿಗೆ ಗಾಳಿ ಬೆರೆಸಿಕೊಡಲು ಎಸ್‌ಯು ಕಂಪನಿಯ ಎರಡು ಕಾರ್ಬುರೇಟರ್. ಆಗಿನ ಲೆಕ್ಕದಲ್ಲಿ 95 ಅಶ್ವಶಕ್ತಿ. ಎಂಜಿ ಕಾರು ಮಾಡುತ್ತಿದ್ದ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್, ಅಂದರೆ ಬಿಎಂಸಿಯವರ ಬಿ ಸೀರೀಸ್ ಇಂಜಿನ್ ಇದು. ಅಂಬಾಸಿಡರ್‌ನಲ್ಲಿದ್ದ 1,489 ಸಿಸಿ ಪೆಟ್ರೋಲ್ ಇಂಜಿನ್ ಕೂಡ ಇದೇ ಮನೆತನದ್ದು. ಅದನ್ನು ಬಿಚ್ಚಿ ಕಟ್ಟಿದವರಿಗೆ ಇದರಲ್ಲಿ ಹೆದರುವಂಥದ್ದು ಏನೂ ಇಲ್ಲ. ದೊಡ್ಡಪ್ಪನದು ಮಾರ್ಕ್ 2. ಅದರಲ್ಲಿ ಮೊದಲ ಗೇರ್‌ಗೂ ಸಿಂಕ್ರೋ (ಗೇರ್ ಕಿರುಗುಟ್ಟದೆ ಬೀಳುವಂತೆ ಮಾಡುವ ಏರ್ಪಾಡು) ಇದೆ, ಬ್ಯಾಟರಿ ಚಾರ್ಜ್ ಮಾಡಲು ಡೈನಮೋ ಬದಲು ಆಲ್ಟರ್ನೇಟರ್ ಇದೆ, ಬ್ಯಾಟರಿಯ ನೆಗೆಟಿವ್ ತುದಿಯನ್ನು ಕಾರಿನ ಲೋಹದ ಮೈಗೆ ಜೋಡಿಸಿರುತ್ತದೆ. ಇದಕ್ಕಿಂತ ಹಿಂದಿನ ಕಾರುಗಳಲ್ಲಿ ಪಾಸಿಟಿವ್ ಅರ್ತ್, ಅಂದರೆ ಪಾಸಿಟಿವ್ ತುದಿ ಮೈಗೆ. ಅಂಥ ಕಾರಿಗೆ ಈಗಿನ ಕಾಲದ ಏನನ್ನಾದರೂ ಜೋಡಿಸಬೇಕಾದರೆ ಹತ್ತು ಸಲ ಯೋಚಿಸಬೇಕು.

ಈಗ ತುಕ್ಕಿಗೆ ಬರೋಣ. ದುಡ್ಡೂ ಸಮಯವೂ ಹೋಗುವುದು ಅಲ್ಲೇ. ಈ ಕಾರಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಮೇಲೆ ಛಾವಣಿಯೂ ಇಲ್ಲ. ಹಾಗಾಗಿ ಬಾಗಿಲ ಕೆಳಗೆ ಉದ್ದಕ್ಕೂ ಇರುವ ಸಿಲ್‌ಗಳೇ ಗಾಡಿಯನ್ನು ನೆಟ್ಟಗೆ ಹಿಡಿದಿಡಬೇಕು. ಹೊರಗೊಂದು ತಗಡು, ಒಳಗೊಂದು, ನಡುವೆ ನಿಂತ ಇನ್ನೊಂದು ಹಾಳೆ, ತಳದಲ್ಲಿ ಕ್ಯಾಸಲ್ ರೈಲ್ ಅನ್ನುವ ಮಡಿಸಿದ ತಗಡಿನ ಪಟ್ಟಿ. ಮುಂದಿನ ಚಕ್ರದ ಹಿಂದೆ ಕೆಸರು ಸೇರಿಕೊಂಡು ಒದ್ದೆಯಾಗಿಯೇ ಇರುತ್ತದೆ. ತುಕ್ಕು ಶುರುವಾಗುವುದು ಅಲ್ಲಿಂದ, ಹಬ್ಬುವುದು ಒಳಗೊಳಗೇ. ಹೊರಗೆ ಮಾತ್ರ ಪೇಂಟ್ ಫಳಫಳ ಹೊಳೆಯುತ್ತಿರುತ್ತದೆ. ನನ್ನ ಕಾರಿನಲ್ಲಂತೂ ಹಿಂದೆ ಯಾವುದೋ ಗ್ಯಾರೇಜಿನವರು ಕೊಳೆತ ಸಿಲ್ ಮೇಲೆಯೇ ಹೊಸ ತಗಡು ಹೊದಿಸಿ, ಪುಟ್ಟಿ ಬಳಿದು, ಬಣ್ಣ ಹೊಡೆದು ಕೊಟ್ಟಿದ್ದರು. ಅಯಸ್ಕಾಂತ ಹಿಡಿದರೆ ಅಂಟುತ್ತಿತ್ತು, ಯಾಕೆಂದರೆ ಮೇಲಿನ ತಗಡು ಹೊಸದು ತಾನೇ! ಅದಕ್ಕಿಂತ ನಂಬಬಹುದಾದ ಪರೀಕ್ಷೆ ಒಂದಿದೆ. ಪಕ್ಕದಿಂದ ಜಾಕ್ ಕೊಟ್ಟು ಎತ್ತಿ, ಬಾಗಿಲ ಹಿಂದಿನ ಸಂದು ನೋಡಿ. ಸಂದು ಕಿರಿದಾಗಿ ಬಾಗಿಲು ಸಿಕ್ಕಿಕೊಂಡರೆ ಸಿಲ್ ಹೋಗಿದೆ ಅಂತಲೇ ಅರ್ಥ.

ಸಿಲ್ ಕತ್ತರಿಸುವ ಮುಂಚೆ ಬಾಗಿಲ ಚೌಕಟ್ಟಿಗೆ ಅಡ್ಡಲಾಗಿ ಕಬ್ಬಿಣದ ಸರಳು ವೆಲ್ಡ್ ಮಾಡಲೇಬೇಕು. ಇಲ್ಲದಿದ್ದರೆ ಕಾರು ನಡುವೆ ಕುಸಿಯುತ್ತದೆ, ಆಮೇಲೆ ಯಾವ ಬಾಗಿಲೂ ಕೂರುವುದಿಲ್ಲ. ಒಂದು ಬದಿ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಬೇಕು. ಟ್ಯಾಕ್ (ಚುಕ್ಕೆಯಷ್ಟೇ ತಾತ್ಕಾಲಿಕ ವೆಲ್ಡ್) ಹಾಕು, ಬಾಗಿಲು ಕೂರಿಸಿ ಸಂದು ನೋಡು, ಬಿಚ್ಚು, ಮತ್ತೆ ಹಾಕು. ಬೇಜಾರಿನ ಕೆಲಸ. ಆದರೆ ಇಡೀ ರಿಪೇರಿ ನಿಂತಿರುವುದೇ ಇದರ ಮೇಲೆ. ಮುಗಿದ ಮೇಲೆ ಸಿಲ್ ಒಳಗೆ ಮೇಣ ಸಿಂಪಡಿಸಿ, ನೀರು ಹೋಗುವ ತೂತುಗಳನ್ನು ತೆರೆದಿಡಿ. ತಗಡಿನ ವಿಷಯದಲ್ಲಿ ಈ ಕಾರಿನವರು ಪುಣ್ಯವಂತರು. ಬ್ರಿಟಿಷ್ ಮೋಟಾರ್ ಹೆರಿಟೇಜ್ ಅನ್ನುವ ಕಂಪನಿ 1988ರಲ್ಲಿ ಹಳೇ ಅಚ್ಚುಗಳನ್ನೇ ಬಳಸಿ ಎಂಜಿಬಿಯ ಇಡೀ ಬಾಡಿ ತಯಾರಿಸಲು ಶುರುಮಾಡಿತು. ಆ ಅಚ್ಚಿನಲ್ಲಿ ಒತ್ತಿದ ತಗಡು ಹೆಚ್ಚು ತಟ್ಟಿ ಬಡಿಯದೆ ಕೂರುತ್ತದೆ. ಅಗ್ಗದ ತಗಡು ತಂದರೆ ಉಳಿಸಿದ ದುಡ್ಡೆಲ್ಲ ಕೂಲಿಗೆ ಹೋಗುತ್ತದೆ.

ಹಳೇ ಬ್ರಿಟಿಷ್ ಕಾರುಗಳ ಕರೆಂಟ್ ಕೈಕೊಡುವ ಬಗ್ಗೆ ಜೋಕುಗಳು ಬೇಕಾದಷ್ಟಿವೆ. ನನಗೆ ಅವು ಅರ್ಧ ಅನ್ಯಾಯ ಅನ್ನಿಸುತ್ತವೆ. ವೈರಿಂಗ್ ತುಂಬ ಸರಳ. ಕಂದು ತಂತಿಯಲ್ಲಿ ಯಾವಾಗಲೂ ಕರೆಂಟ್, ಬಿಳಿಯಲ್ಲಿ ಇಗ್ನಿಷನ್ ಹಾಕಿದಾಗ, ಹಸಿರಿನಲ್ಲಿ ಅದೇ ಕರೆಂಟ್ ಫ್ಯೂಸ್ ದಾಟಿದ ಮೇಲೆ, ಕಪ್ಪು ಅಂದರೆ ಅರ್ತ್. ಇಷ್ಟು ಗೊತ್ತಿದ್ದು ಒಂದು ಟೆಸ್ಟ್ ಲ್ಯಾಂಪ್ ಇದ್ದರೆ ಅರ್ಧ ತೊಂದರೆ ಸಿಕ್ಕಿಬೀಳುತ್ತದೆ. ಉಳಿದರ್ಧ ಕಿಲುಬು ಹಿಡಿದ ಜೋಡಣೆಗಳು. ಒಂದೊಂದನ್ನೂ ಬಿಚ್ಚಿ ಉಜ್ಜಿ ಮತ್ತೆ ಕೂರಿಸಿದ ಮೇಲೆ ನನಗೆ ವೈರಿಂಗ್ ತೊಂದರೆ ಬಂದಿಲ್ಲ. ಹೆಡ್‌ಲೈಟ್‌ಗೆ ಮೂಲದಲ್ಲಿ ಫ್ಯೂಸೇ ಇಲ್ಲ, ಅದು ಮಾತ್ರ ತಮಾಷೆಯಲ್ಲ. ಫ್ಯೂಸೂ, ದೀಪದ ಕರೆಂಟು ಸ್ವಿಚ್ಚಿನ ಮೂಲಕ ಹಾಯದಂತೆ ಮಾಡುವ ರಿಲೇಯೂ ಹಾಕಿಸಿದೆ. ಬೆಳಕು ಜಾಸ್ತಿಯಾಯಿತು, ಸ್ವಿಚ್ ಬಿಸಿಯಾಗುವುದೂ ನಿಂತಿತು. ಸೀಟಿನ ಹಿಂದಿದ್ದ ಎರಡು 6 ವೋಲ್ಟ್ ಬ್ಯಾಟರಿಗಳ ಜಾಗದಲ್ಲಿ ಈಗ ಒಂದೇ 12 ವೋಲ್ಟಿನದು.

ಇನ್ನು ಹೊಸ ಭಾಗಗಳ ಕಥೆ. ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ಗೆ ಹೊಸ ರೋಟರ್ (ಒಳಗೆ ತಿರುಗುವ ಪ್ಲಾಸ್ಟಿಕ್ ತುಂಡು) ಹಾಕಿದ್ದೆ. ಇಂಜಿನ್ ಇದ್ದಕ್ಕಿದ್ದಂತೆ ಬಂದ್. ನೋಡಿದರೆ ರೋಟರ್‌ನ ರಿವೆಟ್ ಬೇಕಾದ್ದಕ್ಕಿಂತ ಉದ್ದವಿತ್ತು, ಕಿಡಿ ಪ್ಲಗ್‌ಗೆ ಹೋಗುವ ಬದಲು ಪ್ಲಾಸ್ಟಿಕ್ ತೂರಿಕೊಂಡು ಕೆಳಗಿನ ಶಾಫ್ಟ್‌ಗೆ ಹಾರುತ್ತಿತ್ತು. ಕಿಡಿಯ ವ್ಯವಸ್ಥೆಯಲ್ಲೇ ಇರುವ ಪುಟ್ಟ ಕಂಡೆನ್ಸರ್‌ದು ಇನ್ನೊಂದು ಆಟ. ಬಿಸಿಯಾದಾಗ ಸಾಯುತ್ತದೆ, ತಣ್ಣಗಾದಾಗ ಬದುಕುತ್ತದೆ. ಗ್ಯಾರೇಜಿಗೆ ಕೊಂಡೊಯ್ದು ತೋರಿಸಿದರೆ ಏನೂ ಆಗಿಲ್ಲವೆಂಬಂತೆ ಓಡುತ್ತದೆ. ಎಲ್ಲಕ್ಕಿಂತ ಹೊಟ್ಟೆ ಉರಿಸಿದ್ದು, ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್. ಇದರಲ್ಲಿ ಗುಂಡುಗಳಿಲ್ಲ, ಇರುವುದು ಕಾರ್ಬನ್ ಬಳೆ. ಹೊಸದರ ಕಾರ್ಬನ್ ಎಷ್ಟು ಮೆದುವಾಗಿತ್ತೆಂದರೆ ಸೀಮೆಸುಣ್ಣದ ಹಾಗೆ ಪುಡಿಯಾಯಿತು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ವಸ್ತು. ಆದರೆ ಬದಲಾಯಿಸಲು ಇಂಜಿನ್ನೇ ಹೊರಗೆ ತೆಗೆಯಬೇಕು.

ಪೆಟ್ಟಿಗೆ ಉಪಯೋಗಕ್ಕೆ ಬಂದದ್ದು ಆಗ. 'ಚೆನ್ನಾಗಿದೆ' ಎಂಬ ಚೀಟಿಯ ಹಳೇ ರೋಟರ್ ಇವತ್ತಿಗೂ ಕಾರಿನಲ್ಲಿದೆ. ಪೆಟ್ಟಿಗೆಯಲ್ಲಿದ್ದ ಮೂಲ ಕಾರ್ಬುರೇಟರ್‌ಗಳಿಗೆ ಹೊಸ ಶಾಫ್ಟ್, ಅದು ತಿರುಗುವ ಬಳೆಯಂಥ ಹೊಸ ಬುಶ್ ಹಾಕಿಸಿದೆ. ಎಸ್‌ಯುಗಳು ಇಷ್ಟೊಂದು ಕುಣಿಯಲು ಕಾರಣ ಬಹಳ ಸಲ ಟ್ಯೂನಿಂಗ್ ಅಲ್ಲ, ಸವೆದ ಶಾಫ್ಟ್ ಸಂದಿನಿಂದ ನುಗ್ಗುವ ಗಾಳಿ. ಅದನ್ನು ಸರಿಮಾಡಿದ ಮೇಲೆ ಕಿವಿಗೆ ರಬ್ಬರ್ ಕೊಳವೆ ಇಟ್ಟು ಎರಡರ ಬುಸುಗುಟ್ಟುವಿಕೆ ಹೊಂದಿಸಿದರೆ ಸಾಕು, ತಿಂಗಳುಗಟ್ಟಲೆ ಮುಟ್ಟಬೇಕಿಲ್ಲ. ಕಿಡಿ ಹುಟ್ಟಿಸಲು ಕರೆಂಟ್ ಕಡಿದು ಕೂಡಿಸುವ ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕು ಅಂತ ಎಲ್ಲರೂ ಹೇಳುತ್ತಾರೆ. ಹಾಕಿದ್ದೆ. ಸೊಗಸಾಗಿತ್ತು, ಒಂದು ದಿನ ಸದ್ದಿಲ್ಲದೆ ಸತ್ತಿತು. ಪಾಯಿಂಟ್ ಹಾಗಲ್ಲ, ಸಾಯುವ ಮುಂಚೆ ಕೆಮ್ಮಿ ಹೇಳುತ್ತದೆ. ಮತ್ತೆ ಪಾಯಿಂಟೇ ಹಾಕಿದೆ. 0.38 ಮಿ.ಮೀ. ಸಂದು, ಅದನ್ನು ಅಳೆಯಲು ಒಂದು ಫೀಲರ್ ಗೇಜ್, ಅಷ್ಟೇ.

ಓಡಿಸಲು ಹೇಗಿದೆ? ಇವತ್ತಿನ ಕಾರಿನ ಮುಂದೆ ವೇಗ ಏನೇನೂ ಇಲ್ಲ. ಆದರೆ ನೆಲಕ್ಕೆ ಹತ್ತಿರ ಕೂತಿರುತ್ತೇವೆ, ಸ್ಟೀರಿಂಗ್ ನೇರವಾಗಿ ಕೈಗೆ ಎಲ್ಲ ಹೇಳುತ್ತದೆ, 60ರಲ್ಲೇ 100ರ ಸಂಭ್ರಮ. ನಿಜವಾದ ವರ ಅಂದರೆ ಓವರ್‌ಡ್ರೈವ್. ಮೂರು, ನಾಲ್ಕನೇ ಗೇರಿನಲ್ಲಿ ಒಂದು ಸಣ್ಣ ಸ್ವಿಚ್ ಒತ್ತಿದರೆ ಸಾಕು. ಗಂಟೆಗೆ 100 ಕಿ.ಮೀ.ನಲ್ಲಿ ನಿಮಿಷಕ್ಕೆ 3,500 ಸುತ್ತಿನ ಹತ್ತಿರ ಕೂಗುತ್ತಿದ್ದ ಇಂಜಿನ್ 2,800ಕ್ಕೆ ಇಳಿಯುತ್ತದೆ. ಓವರ್‌ಡ್ರೈವ್ ಇಲ್ಲದ ಎಂಜಿಬಿ ಯಾರಾದರೂ ಕೊಟ್ಟರೆ ನಾನಂತೂ ತಗೊಳ್ಳುವುದಿಲ್ಲ. ಒತ್ತಡ ಹೆಚ್ಚಿಸಿಕೊಡುವ ಬೂಸ್ಟರ್ ಇಲ್ಲದ ಬ್ರೇಕನ್ನು ಬಲವಾಗಿ ಒತ್ತಬೇಕು. ಕಾಲಿನ ಹತ್ತಿರ ಬಿಸಿ ಬರುತ್ತದೆ. ಬಟ್ಟೆಯ ಹುಡ್ ಮಳೆ ತಡೆಯುತ್ತದೆ ಅನ್ನುವುದು ಒಂದು ನಂಬಿಕೆ.

ಆರೈಕೆ ಜಾಸ್ತಿ ಬೇಕು, ಕಷ್ಟದ್ದಲ್ಲ. ನಟ್ಟು ಬೋಲ್ಟು ಎಲ್ಲ ಇಂಚಿನ ಅಳತೆ, ಮೆಟ್ರಿಕ್ ಸ್ಪ್ಯಾನರ್ ಹಾಕಿದರೆ ತಲೆ ಸವೆಯುತ್ತದೆ. ಸ್ಟೀರಿಂಗ್ ತಿರುಗಿಸಿದಾಗ ಮುಂದಿನ ಚಕ್ರ ಹೊರಳುವ ಕೀಲಾದ ಕಿಂಗ್‌ಪಿನ್‌ಗೆ ಸುಮಾರು 5,000 ಕಿ.ಮೀ.ಗೊಮ್ಮೆ ಗ್ರೀಸ್ ಹೊಡೆಯಬೇಕು. ಇದನ್ನು ಮರೆತ ಕಾರುಗಳ ಸ್ಟೀರಿಂಗ್ ಕಲ್ಲಾಗಿರುತ್ತದೆ. ಎಣ್ಣೆ 20ಡಬ್ಲ್ಯೂ-50, ಜಿಂಕ್ ಇರುವಂಥದ್ದು. ಸೀಸವಿಲ್ಲದ ಪೆಟ್ರೋಲಿನಲ್ಲಿ ಸವೆಯದಿರಲಿ ಅಂತ ಇಂಜಿನ್ ಹೆಡ್‌ನಲ್ಲಿ ಗಟ್ಟಿ ವಾಲ್ವ್ ಸೀಟ್ ಹಾಕಿಸಿದೆ. ಎಥನಾಲ್ ಹಳೇ ರಬ್ಬರನ್ನು ಹಾಳುಮಾಡುತ್ತದೆ, ಆದ್ದರಿಂದ ಪೆಟ್ರೋಲ್ ಪೈಪುಗಳಷ್ಟು ಮಾತ್ರ ಹೊಸದೇ ಇರಲಿ. ಇಗ್ನಿಷನ್ ಹಾಕಿದಾಗ ಹಿಂದಿನ ಪಂಪ್ ಟಿಕ್ ಟಿಕ್ ಅಂದು, ಕಾರ್ಬುರೇಟರ್ ತುಂಬಿದ ಮೇಲೆ ಸುಮ್ಮನಾಗಬೇಕು. ಸುಮ್ಮನಾಗದಿದ್ದರೆ ಟ್ಯಾಂಕ್ ಖಾಲಿ ಅಥವಾ ಎಲ್ಲೋ ಸೋರುತ್ತಿದೆ. ಸದ್ದೇ ಇಲ್ಲದಿದ್ದರೆ ಪಂಪಿಗೆ ಮೆಲ್ಲಗೆ ಒಂದು ಏಟು.

ಸದ್ಯ ಹಿಂದಿನ ಎಡಗಡೆ ಶಾಕ್ ಅಬ್ಸಾರ್ಬರ್ ಎಣ್ಣೆ ಸೋರುತ್ತಿದೆ. ಇವು ತೋಳಿನಂತೆ ಆಡುವ ಲಿವರ್ ಮಾದರಿಯವು. ಕಿತ್ತು ಈಗಿನ ಉದ್ದ ಶಾಕ್ ಹಾಕುವ ಕಿಟ್ ಸಿಗುತ್ತದೆ, ತುಂಬ ಜನ ಹಾಕುತ್ತಾರೆ. ನಾನು ಹಳೆಯದನ್ನೇ ಬಿಚ್ಚಿ, ಸೀಲು ಬೇರಿಂಗು ಬದಲಾಯಿಸಿ ಕೊಡುವವರಿಗೆ ಕಳಿಸಿದ್ದೇನೆ.