ಆಂಜೇ ಊರಲ್ಲಿ ಟ್ಯಾಪೆಸ್ಟ್ರಿ: ಕೋಟೆಯೋ, ಹಳೇ ಆಸ್ಪತ್ರೆಯೋ?

ಫ್ರಾನ್ಸಿನ ಆಂಜೇ ಊರಿಗೆ ಟ್ಯಾಪೆಸ್ಟ್ರಿ (ಚಿತ್ರಗಳನ್ನು ನೇಯ್ದ ಗೋಡೆಬಟ್ಟೆ) ನೋಡೋಕೆ ಹೋದವರು ಸಾಮಾನ್ಯವಾಗಿ ಕೋಟೆ ನೋಡಿ ರೈಲು ಹತ್ತಿಬಿಡುತ್ತಾರೆ. ನಾನು ಎರಡೂ ಕಡೆ ಟಿಕೆಟ್ ತಗೊಂಡೆ. ನನ್ನ ಓಟು ಮೇನ್ ನದಿಯ ಆಚೆ ದಡದ ಹಳೇ ಸೇಂಟ್ ಜಾನ್ ಆಸ್ಪತ್ರೆಗೆ. ಈಗ ಅದು 20ನೇ ಶತಮಾನದ ಫ್ರೆಂಚ್ ಕಲಾವಿದ ಜಾನ್ ಲ್ಯೂರ್ಸಾ ಹೆಸರಿನ ಮ್ಯೂಸಿಯಂ.

ಕೋಟೆಯಲ್ಲಿರುವುದು 14ನೇ ಶತಮಾನದ ಅಪೋಕ್ಯಾಲಿಪ್ಸ್ ಟ್ಯಾಪೆಸ್ಟ್ರಿ, ಅಂದರೆ ಬೈಬಲಿನ ಕೊನೇ ಪುಸ್ತಕದ ಲೋಕಾಂತ್ಯದ ದೃಶ್ಯಗಳು. ಆಂಜೂ ಡ್ಯೂಕ್ ಒಂದನೇ ಲೂಯಿ ಮಾಡಿಸಿದ್ದು. ಉಳಿದಿರುವುದೇ ಸುಮಾರು 100 ಮೀಟರ್. ಫ್ರೆಂಚ್ ಕ್ರಾಂತಿಯ ನಂತರ ಇದನ್ನು ತುಂಡು ಮಾಡಿ, ಚಳಿ ತಡೆಯಲಿ ಅಂತ ಕಿತ್ತಳೆ ಗಿಡಗಳಿಗೆ ಹೊದಿಸಿದ್ದರಂತೆ. ಕೇಳಿದರೇನೇ ಹೊಟ್ಟೆ ಉರಿಯುತ್ತದೆ.

ತೊಡಕು ಬೆಳಕಿನದು. ಬಿಸಿಲಿನಿಂದ ಒಳಗೆ ಕಾಲಿಟ್ಟರೆ ಏನೂ ಕಾಣುವುದಿಲ್ಲ. ಕಣ್ಣು ಹೊಂದಿಕೊಳ್ಳಲು ಸುಮಾರು ಹೊತ್ತು ಬೇಕು. ಹೊಂದಿಕೊಂಡ ಮೇಲೂ ಆ ಕಥೆಯ ಮೃಗದ ಏಳು ತಲೆ ಎಣಿಸೋಕೆ ನಾನು ಕನ್ನಡಕ ಒರೆಸಿ ಒರೆಸಿ ನೋಡಬೇಕಾಯಿತು. ಗಿಡಮೂಲದ ಹಳೇ ಬಣ್ಣ, ಬೆಳಕು ಬಿದ್ದರೆ ಇನ್ನೂ ಮಾಸುತ್ತದೆ, ಹಾಗಾಗಿ ಬೇರೆ ದಾರಿಯಿಲ್ಲ. ಹಿಂಬದಿಯಲ್ಲಿ ಬಣ್ಣ ಇನ್ನೂ ಗಾಢವಾಗಿದೆ, ಆದರೆ ನಮಗೆ ಕಾಣುವುದು ಮಾಸಿದ ಮುಂಬದಿ. ನನಗೆ ಎಳೆ ಎಳೆ ನೋಡುವ ಅಭ್ಯಾಸ. ಅದು ಇಲ್ಲಿ ನಡೆಯಲಿಲ್ಲ.

ಆಸ್ಪತ್ರೆ ಕಟ್ಟಿಸಿದ್ದು ಸುಮಾರು 1175ರಲ್ಲಿ, ಇಂಗ್ಲೆಂಡ್ ರಾಜ ಎರಡನೇ ಹೆನ್ರಿಯ ಅಧಿಕಾರಿ ಎತಿಯೆನ್ ದ ಮಾರ್ಸೇ. ರೋಗಿಗಳ ಹಾಸಿಗೆ ಸಾಲಾಗಿದ್ದ ಉದ್ದನೆಯ ಹಾಲ್ ಅದು. ಕಂಬಗಳು ಎಷ್ಟು ತೆಳ್ಳಗಿವೆ ಅಂದರೆ, ಮೇಲೆ ಉಬ್ಬಿ ನಿಂತ ಕಲ್ಲಿನ ಕಮಾನುಗಳ ಭಾರ ಇವೇ ಹೊತ್ತಿವೆ ಅಂತ ನಂಬೋಕಾಗಲ್ಲ. ಮೂಲೆಯಲ್ಲಿ 17ನೇ ಶತಮಾನದ ಔಷಧಿ ಅಂಗಡಿ, ಅದರ ಜಾಡಿಗಳ ಸಮೇತ.

ಗೋಡೆ ತುಂಬ ಲ್ಯೂರ್ಸಾ ಅವರ ‘ಲೋಕಗೀತೆ’: ಹತ್ತು ಟ್ಯಾಪೆಸ್ಟ್ರಿ, ಸುಮಾರು 80 ಮೀಟರ್. ಕೋಟೆಯದನ್ನು ನೋಡಿ ಬೆರಗಾಗಿ ಅವರು ಅದಕ್ಕೆ ಉತ್ತರವಾಗಿ 1957ರಲ್ಲಿ ಶುರು ಮಾಡಿದ್ದು. 1966ರಲ್ಲಿ ತೀರಿಕೊಳ್ಳುವವರೆಗೂ ಇದೇ ಕೆಲಸ. ನೇಯ್ದವರು ಟ್ಯಾಪೆಸ್ಟ್ರಿಗೆ ಹೆಸರಾದ ಓಬುಸೋನ್ ಊರಿನ ನೇಕಾರರು. ಕಪ್ಪು ನೆಲದ ಮೇಲೆ ಹಳದಿ, ಕೆಂಪು ದೂರದಿಂದಲೇ ಎದ್ದು ಕಾಣುತ್ತವೆ. ಹತ್ತಿರ ಹೋದರೆ ದಪ್ಪ ಎಳೆ, ಒಂದು ಬಣ್ಣ ಇನ್ನೊಂದರೊಳಗೆ ಹಲ್ಲು ಹಲ್ಲಾಗಿ ಸೇರಿರುವುದು ಎಲ್ಲಾ ಕಾಣುತ್ತದೆ. ಅವುಗಳಲ್ಲೊಂದರಲ್ಲಿರುವ, ಸುಟ್ಟು ಕರಕಲಾದ ಹಿರೋಶಿಮಾದ ಮನುಷ್ಯನ ಮುಂದೆ ನಾನು ತುಂಬ ಹೊತ್ತು ನಿಂತೆ. ಒಂದು ಕಾಲದಲ್ಲಿ ರೋಗಿಗಳು ಮಲಗುತ್ತಿದ್ದ ಜಾಗದಲ್ಲೇ ಅವನಿದ್ದಾನೆ ಅಲ್ವಾ!

ಕೋಟೆ ಟಿಕೆಟ್ ಜಾಸ್ತಿ, ಆದರೆ ಅದರಲ್ಲಿ ಕೋಟೆಗೋಡೆ, ತೋಟ ಎಲ್ಲಾ ಬರುತ್ತದೆ. ಮಕ್ಕಳಿದ್ದರೆ ಅಲ್ಲಿಗೇ ಹೋಗಿ. ನನ್ನ ಹಾಗೆ ಕೈ ಬಿಗಿ ಹಿಡಿದು, ಒಂದೇ ಕಡೆ ನಿಧಾನವಾಗಿ ನೋಡುವವರಿಗೆ ಆಸ್ಪತ್ರೆಯೇ ಸರಿ. ಎರಡನ್ನೂ ನೋಡುವುದಾದರೆ ಕೋಟೆ ಮೊದಲು ಮುಗಿಸಿ. ಸೋಮವಾರ ಮಾತ್ರ ಬೇಡ, ಆಸ್ಪತ್ರೆಗೆ ಅವತ್ತು ರಜೆ.