ಅಫ್ಘಾನ್ ಪದಕ ಮತ್ತು ಕಂದಹಾರ್ ನಕ್ಷತ್ರ: ಬೆಳ್ಳಿ ಸಾಚಾ, ಕಾಗದ ಕಾಚಾ

ಹರಾಜಿಗೆ ಬಂದ ಜೋಡಿ ಇದು: 1878–80ರ ಎರಡನೇ ಆಂಗ್ಲೋ-ಅಫ್ಘಾನ್ ಯುದ್ಧದ ಅಫ್ಘಾನಿಸ್ತಾನ್ ಪದಕ, ಜೊತೆಗೆ ಕಾಬೂಲ್–ಕಂದಹಾರ್ ನಕ್ಷತ್ರ. ಎರಡೂ ಬ್ರಿಟಿಷ್ ಸೇನೆಯ ಸ್ಕಾಟಿಷ್ ಕಾಲಾಳು ದಳ 72ನೇ ಹೈಲ್ಯಾಂಡರ್ಸ್‌ನ ಒಬ್ಬ ಕ್ಯಾಪ್ಟನ್‌ಗೆ ಸಂದವು. ಮಾರುವವರು ಅಧಿಕಾರಿಯ ಸೇವಾ ವಿವರದ ಎರಡು ಪುಟಗಳನ್ನೂ ಇಟ್ಟಿದ್ದಾರೆ. ಪದಕ, ನಕ್ಷತ್ರಗಳ ಜೋಡಿಗೆ ಐದರಲ್ಲಿ ನಾಲ್ಕೂವರೆ, ಆ ಪುಟಗಳಿಗೆ ಒಂದೂವರೆ.

ಪದಕ 36 ಮಿ.ಮೀ. ಬೆಳ್ಳಿಯದು. ಹಿಂಬದಿಯಲ್ಲಿ ಫಿರಂಗಿ ಹೊತ್ತ ಆನೆಯೊಂದಿಗೆ ಸಾಗುವ ಸೈನ್ಯ. ವಿನ್ಯಾಸ ಮಾಡಿದವರು ಮಕ್ಕಳ ಪುಸ್ತಕಗಳ ಚಿತ್ರಕಾರ ರಾಂಡಾಲ್ಫ್ ಕಾಲ್ಡೆಕಾಟ್. ಆನೆಗೆ ಆ ಜೀವಕಳೆ ಬಂದದ್ದು ಸುಮ್ಮನೆ ಅಲ್ಲ. ಕ್ಲಾಸ್ಪ್, ಅಂದರೆ ಕಾದಿದ ಕದನದ ಹೆಸರಿರುವ ರಿಬ್ಬನ್ ಪಟ್ಟಿ, ನಾಲ್ಕು: ಪೈವಾರ್ ಕೋಟಲ್, ಚಾರಾಸಿಯಾ, ಕಾಬೂಲ್, ಕಂದಹಾರ್. ಕೊಟ್ಟ ಆರು ಬಗೆಯಲ್ಲಿ ಒಬ್ಬರಿಗೆ ನಾಲ್ಕಕ್ಕಿಂತ ಹೆಚ್ಚು ಸಿಗುತ್ತಿರಲಿಲ್ಲ. 72ನೇ ದಳ ಈ ನಾಲ್ಕೂ ಕಡೆ ಕಾದಿತ್ತು, ಹಾಗಾಗಿ ಲೆಕ್ಕ ಸರಿಯಾಗಿದೆ. ಇದೇ ಪಟ್ಟಿಯಲ್ಲಿ ಈ ದಳ ಕಾದಿರದ ಅಹ್ಮದ್ ಖೇಲ್ ಇದ್ದಿದ್ದರೆ ಹುಬ್ಬೇರಿಸಬೇಕಿತ್ತು. ಆದರೆ ಅಧಿಕಾರಿಗಳನ್ನು ಬೇರೆ ದಳಕ್ಕೆ, ಸ್ಟಾಫ್‌ಗೆ ಎರವಲು ಕಳಿಸುತ್ತಿದ್ದರು, ಆದ್ದರಿಂದ ಅಷ್ಟರಿಂದಲೇ ನಕಲಿ ಎನ್ನುವಂತಿಲ್ಲ.

ಹೆಸರು ಅಂಚಿನ ಮೇಲೆ ಕೆತ್ತಿದೆ. ದರ್ಜೆ, ಹೆಸರು, ದಳ ಇವೆ. ಸಿಪಾಯಿಗಳಿಗೆ ಇರುವ ಕ್ರಮಸಂಖ್ಯೆ ಇಲ್ಲ, ಅಧಿಕಾರಿಗೆ ಅದೇ ಸರಿ. ಹಳೆಯ ಹೆಸರನ್ನು ಅರದಿಂದ ತೆಗೆದು ಹೊಸದು ಕೆತ್ತಿದ್ದರೆ ವ್ಯಾಸ ಕುಗ್ಗಿರುತ್ತದೆ, ಮೇಲಿನ ಕೊಂಡಿಯ ಬುಡಕ್ಕೆ ಅರ ತಲುಪದೆ ಅಲ್ಲೊಂದು ಮೆಟ್ಟಿಲು ಉಳಿದಿರುತ್ತದೆ. ಕ್ಯಾಲಿಪರ್ ಹಿಡಿದು ನಾಲ್ಕೈದು ಕಡೆ ಅಳೆಯಿರಿ. ಇಲ್ಲಿ ಆ ಮೆಟ್ಟಿಲಿಲ್ಲ.

ನಕ್ಷತ್ರ ಕಂಚಿನದು, ಅಫ್ಘಾನ್ ಸೇನಾನಾಯಕ ಅಯೂಬ್ ಖಾನನಿಂದ ವಶಪಡಿಸಿಕೊಂಡ ಫಿರಂಗಿಗಳನ್ನು ಕರಗಿಸಿ ಮಾಡಿದ್ದು. ಎರಕದ ನಕಲುಗಳು ಬಹಳ. ಅವುಗಳಲ್ಲಿ ನಡುವಿನ ಅಕ್ಷರಗಳ ಮೂಲೆ ಕರಗಿದ ಬೆಣ್ಣೆಯಂತಿರುತ್ತವೆ. ಇದರ ಅಕ್ಷರಗಳು ಚೂಪಾಗಿವೆ. ಆದರೆ ಯಾರೋ ಪಾಲಿಶ್ ಹಾಕಿ ತಿಕ್ಕಿ ಕಂದು ಛಾಯೆ ಕಳೆದಿದ್ದಾರೆ. ಅರ್ಧ ಅಂಕ ಕಳೆದದ್ದು ಇದಕ್ಕೇ.

ಕಾಗದದ ಪಾಡು ಬೇರೆ. "1868ರಲ್ಲಿ ಸೀಫೋರ್ತ್ ಹೈಲ್ಯಾಂಡರ್ಸ್‌ಗೆ ಸೆಕೆಂಡ್ ಲೆಫ್ಟಿನೆಂಟ್" ಎಂಬ ಒಂದೇ ಸಾಲಿನಲ್ಲಿ ಎರಡು ತಪ್ಪು. ಆಗಿನ ಕಾಲಾಳು ದಳದ ಕೊನೆಯ ಅಧಿಕಾರಿ ದರ್ಜೆ ಎನ್‌ಸೈನ್. ಸೆಕೆಂಡ್ ಲೆಫ್ಟಿನೆಂಟ್ ಎಂಬ ಹೆಸರು ಬಂದದ್ದು 1877ರಲ್ಲಿ. 72ನೇ ದಳ ಸೀಫೋರ್ತ್ ಆದದ್ದು 1881ರಲ್ಲಿ. ಇನ್ನು ದರ್ಜೆಯನ್ನು ದುಡ್ಡು ಕೊಟ್ಟು ಪಡೆದರೋ ಇಲ್ಲವೋ ಎಂಬ ಮಾತೇ ಪುಟಗಳಲ್ಲಿಲ್ಲ. ಆ ಪದ್ಧತಿ 1871ರ ನವೆಂಬರ್ 1ರವರೆಗೂ ಇತ್ತು. ಎನ್‌ಸೈನ್ ದರ್ಜೆಯ ಸರ್ಕಾರಿ ದರ 450 ಪೌಂಡ್. ಬ್ರಿಟಿಷ್ ಸರ್ಕಾರದ ಅಧಿಕೃತ ಪತ್ರ ಲಂಡನ್ ಗೆಜೆಟ್‌ನ ನೇಮಕದ ಸಾಲು ನೋಡಿದ್ದರೆ ಸಾಕಿತ್ತು. ಬ್ರೆವೆಟ್ ಮೇಜರ್ ದರ್ಜೆಯನ್ನು ದಳದೊಳಗಿನ ಬಡ್ತಿ ಎಂದೂ ಬರೆದಿದ್ದಾರೆ. ಅದು ಒಟ್ಟು ಸೇನೆಯ ಮಟ್ಟದಲ್ಲಿ ಮಾತ್ರ ನಡೆಯುತ್ತಿದ್ದ ದರ್ಜೆ, ದಳದೊಳಗೆ ಅವರು ಕ್ಯಾಪ್ಟನ್ನೇ.

ಕೊಳ್ಳುವ ಮುನ್ನ ಲಂಡನ್ನಿನ ಕ್ಯೂ ಬಡಾವಣೆಯ ನ್ಯಾಷನಲ್ ಆರ್ಕೈವ್ಸ್‌ನಲ್ಲಿರುವ ಪದಕ ಪಟ್ಟಿಯ, ಅಂದರೆ ಡಬ್ಲ್ಯುಓ 100 ಸರಣಿಯ, ಆ ಪುಟದ ಪ್ರತಿ ಕೇಳಿ. ಯುದ್ಧಸೇವೆಗೆ ಆಗಿನ ಅಧಿಕಾರಿಗಳ ಪಟ್ಟಿಯಾದ ಹಾರ್ಟ್ಸ್ ಆರ್ಮಿ ಲಿಸ್ಟ್‌ನ ಅಡಿಟಿಪ್ಪಣಿ ನೋಡಿ. ಈ ಎರಡು ಪುಟಗಳಿಗೆಂದು ಬೆಲೆ ಏರಿಸಿದ್ದರೆ ಚೌಕಾಸಿ ಮಾಡಿ.